ಚನ್ನಪಟ್ಟಣ: ಬೋರ್ಡು ಬದಲಾದರೂ ಗಿರಾಕಿ ಅದೇ!

ಚನ್ನಪಟ್ಟಣದ ಓಟನ್ನು ಪಕ್ಷದ ಹೆಸರಲ್ಲಿ ಕೂಡಿಸಿ ಕಳೆಯಲು ಹೊರಟವರೆಲ್ಲ ಕೈ ಸುಟ್ಟುಕೊಂಡಿದ್ದಾರೆ. ಬೆಂಗಳೂರು-ಮೈಸೂರು ರಸ್ತೆಯ ಈ ಬೊಂಬೆ ಊರಿನಲ್ಲಿ 2024ರ ನವೆಂಬರಿನಲ್ಲಿ ನಡೆದ ಉಪಚುನಾವಣೆ ಅದಕ್ಕೆ ಇನ್ನೊಂದು ಪುರಾವೆ.

ಕಾಗದದ ಮೇಲೆ ಲೆಕ್ಕ ಬಲು ಸೊಗಸಾಗಿತ್ತು. 2023ರಲ್ಲಿ ಜನತಾದಳದ ಎಚ್.ಡಿ. ಕುಮಾರಸ್ವಾಮಿಯವರಿಗೆ 96,592 ಓಟು, ಬಿಜೆಪಿಯ ಸಿ.ಪಿ. ಯೋಗೇಶ್ವರ್ ಅವರಿಗೆ 80,677. ಕಾಂಗ್ರೆಸ್ಸಿಗೆ ಸಿಕ್ಕಿದ್ದು ಬರೀ 15 ಸಾವಿರದ ಆಸುಪಾಸು. ಆಮೇಲೆ ದಳಕ್ಕೂ ಕಮಲಕ್ಕೂ ಮೈತ್ರಿಯಾಯಿತು. ಕೂಡಿಸಿ ನೋಡಿ, ಒಂದೂಮುಕ್ಕಾಲು ಲಕ್ಷ ದಾಟುತ್ತದೆ! ಕುಮಾರಸ್ವಾಮಿಯವರು ಮಂಡ್ಯದಿಂದ ಲೋಕಸಭೆಗೆ ಹೋದರು. ತೆರವಾದ ಜಾಗಕ್ಕೆ ಮಗ ನಿಖಿಲ್ ನಿಂತರು. ಗೆಲ್ಲೋದಕ್ಕೆ ಇನ್ನೇನು ಬೇಕು ಅಂತ ಮೈತ್ರಿ ನಾಯಕರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಆದದ್ದೇ ಬೇರೆ. ನಿಖಿಲ್ ಅವರಿಗೆ ಬಿದ್ದದ್ದು 87,229. ನಾಮಪತ್ರದ ಹೊತ್ತಿಗೆ ಕಾಂಗ್ರೆಸ್ಸಿಗೆ ಜಿಗಿದ ಯೋಗೇಶ್ವರ್ ಅವರಿಗೆ 1,12,642. ಅಂತರ 25,413. ಕೂಡಿಸಿಟ್ಟಿದ್ದ ಗಂಟಿನಲ್ಲಿ ಅರ್ಧಕ್ಕರ್ಧ ಮಾಯ!

ಯಾರ ಓಟು ಯಾರದ್ದು?

ಇಲ್ಲೇ ಇರೋದು ಗುಟ್ಟು. 2023ರಲ್ಲಿ ಕಮಲಕ್ಕೆ ಬಿದ್ದ 80 ಸಾವಿರದಲ್ಲಿ ಬಹುಪಾಲು ಕಮಲದ್ದಾಗಿರಲಿಲ್ಲ, ಅಭ್ಯರ್ಥಿಯದ್ದಾಗಿತ್ತು. ಯೋಗೇಶ್ವರ್ 1999ರಲ್ಲಿ ಪಕ್ಷೇತರರಾಗಿ ಗೆದ್ದವರು. 2004 ಮತ್ತು 2008ರಲ್ಲಿ ಕೈ ಗುರುತು, 2011ರ ಉಪಚುನಾವಣೆಯಲ್ಲಿ ಕಮಲ, 2013ರಲ್ಲಿ ಸಮಾಜವಾದಿ ಪಕ್ಷದ ಸೈಕಲ್ಲು, ಮತ್ತೆ ಕಮಲ, 2024ರಲ್ಲಿ ಮತ್ತೆ ಕೈ. ಸೈಕಲ್ಲಿಗೆ ಕರ್ನಾಟಕದಲ್ಲಿ ನೆಲೆಯೇ ಇರಲಿಲ್ಲ. ಆದರೂ ಚನ್ನಪಟ್ಟಣದಲ್ಲಿ ಅದು 6,464 ಓಟುಗಳಿಂದ ಅನಿತಾ ಕುಮಾರಸ್ವಾಮಿಯವರನ್ನು ಹಿಂದೆ ಹಾಕಿತು. ಅಂಗಡಿ ಬೋರ್ಡು ಬದಲಾದರೂ ಗಿರಾಕಿ ಹಳೆಯ ಸಾಹುಕಾರನ ಹತ್ತಿರವೇ ಹೋದ.

ಹಾಗಂತ ಗಿರಾಕಿ ಕುರುಡನೂ ಅಲ್ಲ. 2009ರಲ್ಲಿ ಯೋಗೇಶ್ವರ್ ಶಾಸಕ ಸ್ಥಾನ ಬಿಟ್ಟು ಕಮಲಕ್ಕೆ ಹೋದಾಗ ಇದೇ ಜನ ದಳದ ಅಶ್ವಥ್ ಅವರನ್ನು ಗೆಲ್ಲಿಸಿ ಬಿಸಿ ಮುಟ್ಟಿಸಿದರು. ಮುಖ್ಯಮಂತ್ರಿ ಆಗಬಲ್ಲ ಕುಮಾರಸ್ವಾಮಿ 2018ರಲ್ಲಿ ಖುದ್ದಾಗಿ ಬಂದು ನಿಂತಾಗ 21,530ರ ಮುನ್ನಡೆ ಕೊಟ್ಟರು. 2023ರಲ್ಲೂ ಕೈಬಿಡಲಿಲ್ಲ. ತಂದೆಗೆ ಕೊಟ್ಟದ್ದನ್ನು ಮಗನಿಗೂ ಕೊಡಬೇಕು ಅನ್ನೋ ಕರಾರು ಮಾತ್ರ ಇರಲಿಲ್ಲ.

ನೀರು, ಜಾತಿ, ಪೇಟೆ

ಕ್ಷೇತ್ರದಲ್ಲಿ ಒಕ್ಕಲಿಗರದ್ದೇ ದೊಡ್ಡ ಸಂಖ್ಯೆ. ಆದರೆ ಎರಡೂ ಕಡೆಯ ಅಭ್ಯರ್ಥಿ ಒಕ್ಕಲಿಗರೇ ಆದಾಗ ಜಾತಿ ತಕ್ಕಡಿ ಸಮ ನಿಲ್ಲುತ್ತದೆ. ಬೇರೆ ತೂಕದ ಕಲ್ಲು ಬೇಕಾಗುತ್ತದೆ. ಹಳ್ಳಿಗಳಲ್ಲಿ ಆ ಕಲ್ಲು ಕೆರೆ ನೀರು. ಶಿಂಷಾ ನದಿಗೆ ಇಗ್ಗಲೂರಿನಲ್ಲಿ ಕಟ್ಟಿದ ಬ್ಯಾರೇಜಿಗೆ ದೇವೇಗೌಡರ ಹೆಸರಿದೆ. ಅಲ್ಲಿಂದ ನೀರೆತ್ತಿ ಕೆರೆ ತುಂಬಿಸಿದ ಕೀರ್ತಿ ಯೋಗೇಶ್ವರ್ ಅವರದ್ದು ಎನ್ನುತ್ತದೆ ಅವರ ಬಳಗ. ಕಟ್ಟಿದವರು ದೊಡ್ಡವರೋ, ತುಂಬಿಸಿದವರು ದೊಡ್ಡವರೋ? 2024ರ ಪ್ರಚಾರದಲ್ಲಿ ಈ ಜಗಳ ಜೋರಾಗಿಯೇ ನಡೆಯಿತು. ರೇಷ್ಮೆಗೆ ಹಿಪ್ಪುನೇರಳೆ, ತೋಟಕ್ಕೆ ತೆಂಗು ನಂಬಿದವನಿಗೆ ಭಾಷಣಕ್ಕಿಂತ ಬೋರ್‌ವೆಲ್ಲಿನ ನೀರೇ ದೊಡ್ಡದು.

ಪೇಟೆಯ ಲೆಕ್ಕ ಬೇರೆ. ಬೊಂಬೆ ಕೆಲಸ, ರೇಷ್ಮೆ ವ್ಯಾಪಾರ ನಂಬಿದ ಮುಸ್ಲಿಂ ಮನೆಗಳು ಇಲ್ಲಿ ಬಹಳ. ಹಿಂದೆ ಇವರಲ್ಲೊಂದು ಭಾಗ ದಳದ ಕಡೆ ವಾಲುತ್ತಿತ್ತು. ದಳ ಕಮಲದ ಜೊತೆ ಕೂತ ಮೇಲೆ ಆ ಓಟು ಕೈ ಹಿಡಿಯಿತು. ಯೋಗೇಶ್ವರ್ ಅವರ ಸ್ವಂತ ಗಂಟಿನ ಮೇಲೆ ಬಿದ್ದ ಹೆಚ್ಚಿನ ತೂಕಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು. ಇದೇ ಕ್ಷೇತ್ರ 2024ರ ಏಪ್ರಿಲ್‌ನ ಲೋಕಸಭೆ ಚುನಾವಣೆಯಲ್ಲಿ ಡಿ.ಕೆ. ಸುರೇಶ್ ಅವರನ್ನು ಬಿಟ್ಟು ಕಮಲದ ಡಾ. ಸಿ.ಎನ್. ಮಂಜುನಾಥ್ ಅವರಿಗೆ ಮುನ್ನಡೆ ಕೊಟ್ಟಿತ್ತು. ಏಳು ತಿಂಗಳೊಳಗೆ ಮಗ್ಗಲು ಬದಲು! ದಿಲ್ಲಿಗೆ ಒಬ್ಬ, ತಾಲೂಕು ಆಫೀಸಿನ ಕೆಲಸಕ್ಕೆ ಒಬ್ಬ: ಮತದಾರ ಎರಡು ಖಾತೆ ಇಟ್ಟುಕೊಂಡಿದ್ದಾನೆ.

ಲಾಭ ಯಾರಿಗೆ?

ಇದು ಜಾಣತನವೇ ಸರಿ, ಆದರೆ ಖರ್ಚಿಲ್ಲದ ಜಾಣತನವಲ್ಲ. 2009, 2011, 2024: ಹದಿನೈದು ವರ್ಷದಲ್ಲಿ ಮೂರು ಉಪಚುನಾವಣೆ. ನಾಯಕರ ಪಯಣಕ್ಕೆ ಊರು ಬಸ್ ಸ್ಟ್ಯಾಂಡ್ ಆಯಿತು. ಪಕ್ಷ ನೆಚ್ಚದ ಊರಿನಲ್ಲಿ ಪಕ್ಷದ ಎರಡನೇ ಸಾಲೂ ಬೆಳೆಯುವುದಿಲ್ಲ. ಹೊಸ ಹುಡುಗ ಎಷ್ಟು ದುಡಿದರೂ ಟಿಕೆಟ್ಟು ಆ ಮನೆಗೆ, ಇಲ್ಲವೇ ಈ ಮನೆಗೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯ್ತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಇದ್ದ ಒಂದು ಮೆಟ್ಟಿಲೂ ಹೋಯಿತು. ಚರಂಡಿ ಕಟ್ಟಿದರೂ ಶಾಸಕರನ್ನೇ ಹುಡುಕಬೇಕು.

ಉಪಚುನಾವಣೆಯಲ್ಲಿ ಶೇಕಡಾ 88ಕ್ಕೂ ಮೇಲೆ ಓಟು ಬಿತ್ತು. ಇಷ್ಟು ಆಸಕ್ತಿಯಿಂದ ಬೂತಿಗೆ ಬರೋ ಜನ ಆಳನ್ನು ಅಳೆಯುವುದರಲ್ಲಿ ಪಳಗಿದ್ದಾರೆ. ಗೆದ್ದ ಆಳು ಐದು ವರ್ಷ ಊರಲ್ಲೇ ನಿಲ್ಲುವಂತೆ ಮಾಡೋ ವಿದ್ಯೆ ಕಲಿಯೋದು ಬಾಕಿ ಇದೆ.