ಓಣಿಗೊಂದು ವಹಿವಾಟು, ಎಲ್ಲಕ್ಕೂ ಒಂದೇ ಅಳತೆಯೇ?

ಬೀದರ ನಗರವನ್ನು ಒಂದೇ ಮಾರುಕಟ್ಟೆಯೆಂದು ಎಣಿಸುವುದು ಆಡಳಿತಕ್ಕೆ ಅನುಕೂಲವಾಗಬಹುದು. ವಾಸ್ತವದಲ್ಲಿ ಅದು ಹಲವು ಪೇಟೆಗಳ ಸಮೂಹ. ಉಸ್ಮಾನ್‌ಗಂಜ್‌ನದು ಚಿಲ್ಲರೆ ವ್ಯಾಪಾರ, ಗಾಂಧಿ ಗಂಜ್‌ನದು ತೊಗರಿ, ಉದ್ದು, ಸೋಯಾಬೀನ್‌ಗಳ ವಹಿವಾಟು. ಸಿದ್ದಿ ತಾಲೀಮಿನ ಮನೆಗಳು ಬಿದ್ರಿ ಕೆಲಸಕ್ಕೆ ಹೆಸರಾದರೆ, ಗುರುದ್ವಾರ ನಾನಕ್ ಝೀರಾದ ಸುತ್ತಲಿನ ಅಂಗಡಿಗಳು ಯಾತ್ರಿಕರನ್ನು ನೆಚ್ಚಿವೆ. ಕೊಳಾರದಲ್ಲಿ ಕೈಗಾರಿಕಾ ಪ್ರದೇಶವಿದೆ. ಕನ್ನಡ, ಉರ್ದು, ಮರಾಠಿ, ತೆಲುಗು ಬಲ್ಲ ವ್ಯಾಪಾರಿಗೆ ಇಲ್ಲಿ ಗಿರಾಕಿಯ ಕೊರತೆಯಿಲ್ಲ.

ಈ ವೈವಿಧ್ಯಕ್ಕೆ ಚಾರಿತ್ರಿಕ ಕಾರಣವಿದೆ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ ಜಿಲ್ಲೆ ಅಂದು ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ, ನಿಲಂಗಾಗಳು ಮುಂಬಯಿಗೆ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೆ ಹೋದವು. ಗಡಿ ಬದಲಾಯಿತೇ ಹೊರತು ನೆಂಟಸ್ತಿಕೆಯಾಗಲಿ ಗಿರಾಕಿಯಾಗಲಿ ಬದಲಾಗಲಿಲ್ಲ.

ಪೇಟೆಗಳು ಬೇರೆಯಾದಂತೆ ಅವುಗಳ ಅಗತ್ಯಗಳೂ ಬೇರೆ. ಗಂಜಿನ ಅಡತಿ ವ್ಯಾಪಾರಿಗೆ ಸುಗ್ಗಿಯ ಕೆಲವು ತಿಂಗಳು ಮಾತ್ರ ಹೆಚ್ಚಿನ ದುಡಿಯುವ ಬಂಡವಾಳ ಬೇಕು. ಬಿದ್ರಿ ಕುಶಲಕರ್ಮಿಯ ಹಣವಾದರೋ ಸರಕು ಮಾರಾಟವಾಗುವವರೆಗೆ ಬೆಳ್ಳಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿದೆ. ಗೌರವದಿಂದ ಕೀರ್ತಿ ಬರುತ್ತದೆ, ಬಂಡವಾಳ ಬರುವುದಿಲ್ಲ. ಇಬ್ಬರಿಗೂ ಒಂದೇ ಮಾದರಿಯ ಸಾಲ, ಒಂದೇ ಕಂತಿನ ಅವಧಿ ನಿಗದಿಪಡಿಸಿದರೆ ಒಬ್ಬರಿಗೂ ಹೊಂದದು.

ಗಡಿ ತಾಲ್ಲೂಕುಗಳ ಸ್ಥಿತಿ ಇನ್ನೂ ಬಿಗಿ. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿಯಲ್ಲಿ ವಾರ್ಷಿಕ 1.5 ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಕಾಂಪೋಸಿಷನ್ ಪದ್ಧತಿಯುಂಟು. ವ್ಯಾಪಾರಿ ಹಾಗೂ ತಯಾರಕರಿಗೆ ತೆರಿಗೆ ಶೇ. 1 ಮಾತ್ರ. ಈ ಪದ್ಧತಿಯಲ್ಲಿರುವವರು ಹೊರರಾಜ್ಯದಿಂದ ಖರೀದಿಸಬಹುದು, ಹೊರರಾಜ್ಯಕ್ಕೆ ಮಾರುವಂತಿಲ್ಲ. ಭಾಲ್ಕಿಯ ಸಣ್ಣ ತಯಾರಕ ಅದೇ ರೈಲು ಮಾರ್ಗದ ಉದಗೀರಿನ ಅಂಗಡಿಗೆ ಸರಕು ಕಳುಹಿಸಿದರೆ ಸೌಲಭ್ಯ ಕಳೆದುಕೊಳ್ಳುತ್ತಾನೆ. ಬೆಂಗಳೂರಿಗೆ ಕಳುಹಿಸಲು ಅಡ್ಡಿಯಿಲ್ಲ! ಔರಾದದವನಿಗೆ ದೇಗಲೂರೂ ಹೀಗೆಯೇ ದೂರವಾಗಿದೆ. ಕಾಂಪೋಸಿಷನ್ ತೊರೆದರೆ ಲೆಕ್ಕಪತ್ರದ ಹೊರೆ ಹೆಚ್ಚು. ಉಳಿಸಿಕೊಂಡರೆ ಹತ್ತಿರದ ಮಾರುಕಟ್ಟೆ ಕೈತಪ್ಪುತ್ತದೆ.

ಜಿಎಸ್‌ಟಿ ಸರಕು ಬಳಕೆಯಾಗುವ ರಾಜ್ಯಕ್ಕೆ ಸಲ್ಲಬೇಕಾದ ತೆರಿಗೆಯಾದ್ದರಿಂದ ಈ ನಿರ್ಬಂಧಕ್ಕೆ ಕಾರಣವಿಲ್ಲದಿಲ್ಲ. ಆದರೆ ತ್ರೈಮಾಸಿಕ ವಿವರದಲ್ಲಿ ಇಂತಹ ಮಾರಾಟವನ್ನು ರಾಜ್ಯವಾರು ತೋರಿಸಿ, ಅದರ ತೆರಿಗೆಯನ್ನು ಆಯಾ ರಾಜ್ಯಕ್ಕೆ ವರ್ಗಾಯಿಸಲು ಅಸಾಧ್ಯವೇನಿಲ್ಲ. ಗಡಿ ತಾಲ್ಲೂಕುಗಳ ಸಣ್ಣ ಘಟಕಗಳಿಗೆ ಒಂದು ಮಿತಿಯೊಳಗೆ ಈ ಅವಕಾಶ ನೀಡುವುದು ನ್ಯಾಯೋಚಿತ. ಕರಕುಶಲ ವಸ್ತುಗಳ ಅಂತರರಾಜ್ಯ ಮಾರಾಟಕ್ಕೆ ನೋಂದಣಿಯಲ್ಲಿ ಷರತ್ತುಬದ್ಧ ವಿನಾಯಿತಿ ನೀಡಿರುವಾಗ, ಗಡಿಯ ತಯಾರಕನ ವಿಷಯದಲ್ಲಿಯೂ ಕಾನೂನು ಕಣ್ತೆರೆಯಬಹುದು.

ವಾಣಿಜ್ಯೋದ್ಯಮಿಗಳ ಸಂಘಟನೆಗಳು 'ಜಿಲ್ಲೆಯ ವ್ಯಾಪಾರಿಗಳ ಬೇಡಿಕೆ' ಎಂಬ ಒಂದೇ ಸಾಮಾನ್ಯ ಮನವಿಗೆ ತೃಪ್ತಿಪಡಬಾರದು. ಪೇಟೆವಾರು, ತಾಲ್ಲೂಕುವಾರು ಅಗತ್ಯಗಳನ್ನು ಅಂಕಿಅಂಶಗಳೊಡನೆ ಸಂಗ್ರಹಿಸಿ, ಸಾಲದ ವಿಷಯವನ್ನು ಬ್ಯಾಂಕುಗಳ ಮುಂದೆ, ತೆರಿಗೆಯ ವಿಷಯವನ್ನು ರಾಜ್ಯ ಸರ್ಕಾರದ ಮೂಲಕ ಜಿಎಸ್‌ಟಿ ಮಂಡಳಿಯ ಮುಂದೆ ಇಡುವುದು ಲೇಸು. ಓಣಿಯ ಲೆಕ್ಕ ಸರಿಯಾಗಿದ್ದರೆ ಮಾತ್ರ ನಗರದ ಲೆಕ್ಕ ತಾಳೆಯಾದೀತು.