ಮುಷ್ಟಿ ಹೇಳಿದ್ದನ್ನು ಕಡತ ಕೇಳುವುದಿಲ್ಲ

ಜಿಪಿಎಸ್ ಸಂಕೇತ ನೆಲಕ್ಕೆ ಬಡಿದು ಮರಳುವುದನ್ನು ಹಿಡಿದು ಮಣ್ಣಿನ ತೇವ ಅಳೆಯಬಹುದು ಎಂದು ಗುಳೇದಗುಡ್ಡದ ಚಹಾದಂಗಡಿಯಲ್ಲಿ ಹೇಳಿದರೆ ಮೊದಲು ಬರುವುದು ನಗು. ನಗು ಮುಗಿದ ಮೇಲೆ ಆಕ್ಷೇಪಗಳು ಶುರುವಾಗುತ್ತವೆ. ಎಲ್ಲಕ್ಕೂ ಒಂದೇ ತೂಕವಿಲ್ಲ.

“ನಮ್ಮ ಮುಷ್ಟಿ ಇರೂವಾಗ ಉಪಗ್ರಹ ಯಾಕ?” ಮುಷ್ಟಿಯನ್ನು ನಾನು ಹಗುರ ಮಾಡುವವನಲ್ಲ. ಕೋಟಿಕಲ್ ದಾರಿಯ ಎರೆಹೊಲದಲ್ಲಿ ಹಿಂಗಾರಿ ಬಿತ್ತುವ ಮುಂಚೆ ಹಿರಿಯರು ಕುಕ್ಕರಗಾಲಲ್ಲಿ ಕೂತು, ಮೇಲಿನ ಒಣ ಪದರ ಸರಿಸಿ, ಒಂದು ಹಿಡಿ ಮಣ್ಣು ಅದುಮುತ್ತಾರೆ. ಉಂಡೆ ಕಟ್ಟಿ, ಹೆಬ್ಬೆರಳು ಒತ್ತಿದಾಗ ಒಡೆದರೆ ಹದ ಬಂತು. ಬೆರಳಿಗೆ ಮೆತ್ತಿಕೊಂಡರೆ ಕೂರಿಗೆ ಇನ್ನೆರಡು ದಿನ ಕಾಯಬೇಕು. ಬಿತ್ತನೆಗೆ ಇಷ್ಟು ಸಾಕು. ಆದರೆ ಆ ಉಂಡೆಯನ್ನು ಬರದ ಕಡತಕ್ಕೆ ಪಿನ್ ಹಾಕಿ ಕಳಿಸಲಾಗುವುದಿಲ್ಲ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆಯ ಜೊತೆಗೆ ಬಿತ್ತನೆ ಪ್ರದೇಶ, ಉಪಗ್ರಹಕ್ಕೆ ಕಂಡ ಹಸಿರು, ಮಣ್ಣಿನ ತೇವಾಂಶ ಇವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ‘ಹಸಿರು ಬರ’ ಎಂಬ ಮಾತು ಎಲ್ಲರ ಬಾಯಲ್ಲಿತ್ತು: ಪೈರು ಹಸಿರು, ತೆನೆಯಲ್ಲಿ ಕಾಳಿಲ್ಲ. ಎಲೆಯ ಬಣ್ಣ ನೋಡುವ ಕ್ಯಾಮೆರಾ ಮೋಸ ಹೋಗುವುದೇ ಇಲ್ಲಿ. ಜಿಪಿಎಸ್‌ನ 19 ಸೆಂಟಿಮೀಟರ್ ತರಂಗ ತೆಳು ಪೈರಿನೊಳಗಿಂದ ಹಾದು ನೆಲ ಮುಟ್ಟಿ ಬರುತ್ತದೆ. ದಟ್ಟ ಕಬ್ಬಿನಲ್ಲಿ ಕಷ್ಟ, ಅದು ಬೇರೆ ಮಾತು.

“ಪ್ರತಿಫಲನ ಅನ್ನೋದು ದೋಷ. ದೋಷದಿಂದ ಏನು ಅಳೀತೀರಿ?” ಇದು ಜಿಪಿಎಸ್ ರೋವರ್ ಹಿಡಿದು ಹೊಲ ಅಳೆಯುವವರ ತಕರಾರು. ಅವರ ಮಟ್ಟಿಗೆ ನಿಜ. 20,200 ಕಿಲೋಮೀಟರ್ ಮೇಲಿನಿಂದ ನೇರ ಬರಬೇಕಾದ ಸಂಕೇತ ನೆಲಕ್ಕೋ ಗೋಡೆಗೋ ತಾಗಿ ತಡವಾಗಿ ಬಂದರೆ ಅಳತೆ ಕೆಡುತ್ತದೆ. ಆದರೆ ಹಾಗೆ ತಡವಾಗಿ ಬಂದದ್ದು ತಾನು ತಾಗಿದ ಮಣ್ಣಿನ ಸುದ್ದಿಯನ್ನೂ ಹೊತ್ತು ತಂದಿರುತ್ತದೆ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಮಣ್ಣಿನದು ಬರೀ 3ರಿಂದ 5. ಹಾಗಾಗಿ ನೆಲ ನೆನೆದ ದಿನ ಪ್ರತಿಫಲನ ಬಲವಾಗುತ್ತದೆ. ನೇರ ಸಂಕೇತದ ಜೊತೆ ಅದು ಕೂಡಿದಾಗ ಕಾಣುವ ಏರಿಳಿತದ ಲಯವೂ ಸರಿಯುತ್ತದೆ. ಕೊಲೊರಾಡೊ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಲಾರ್ಸನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು ಇದನ್ನೇ, ಅದೂ ಸ್ಥಾನ ಅಳೆಯಲೆಂದು ನೆಟ್ಟಿದ್ದ ಮಾಮೂಲಿ ರಿಸೀವರ್‌ಗಳಿಂದ. ಎರಡು ಮೀಟರ್ ಎತ್ತರದ ಆಂಟೆನಾ ಸುತ್ತಲಿನ ಸುಮಾರು 1000 ಚದರ ಮೀಟರ್ ನೆಲದ ಸರಾಸರಿ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ.

ಮೂರನೆಯ ಆಕ್ಷೇಪಕ್ಕೆ ನಾನು ಅರ್ಧ ಸೋತೆ. “ಅದು ಕಾಣೋದು ಮೇಲಿನ ಐದು ಸೆಂಟಿಮೀಟರ್. ಬಿಳಿಜೋಳದ ಬೇರು ಎಲ್ಲಿರತೈತಿ?” ಹೌದು. ಹಿಂಗಾರಿ ಜೋಳ, ಕಡಲೆ ಎರೆಯ ಆಳದ ಹಸಿ ಕುಡಿದೇ ಬೆಳೆಯುವಂಥವು. ಮೇಲೆ ಹಂಚಿನಂತೆ ಒಣಗಿದ್ದರೂ ಕೆಳಗೆ ಹಸಿ ಉಳಿದಿರುತ್ತದೆ. ಬೆಳೆಯ ಪೂರ್ತಿ ಹಣೆಬರಹವನ್ನು ಈ ಯಂತ್ರ ಓದುತ್ತದೆ ಎನ್ನುವವರು ಸುಳ್ಳು ಮಾರುತ್ತಿದ್ದಾರೆ. ಆದರೆ ಮೊಳಕೆಯ ಸಾವು ಬದುಕು ತೀರ್ಮಾನವಾಗುವುದು ಆ ಐದು ಸೆಂಟಿಮೀಟರಿನಲ್ಲೇ. ಮಳೆ ನಿಂತ ಮೇಲೆ ಮೇಲ್ಪದರ ದಿನಕ್ಕೆಷ್ಟು ಒಣಗಿತು ಎಂಬ ಸಾಲು ಲೆಕ್ಕ ಸಿಕ್ಕರೆ ಕೆಳಗಿನದನ್ನು ಅಂದಾಜಿಸಲು ಬುಡವಾದರೂ ಸಿಗುತ್ತದೆ.

“ಒಂದು ಕಡೆ ಬಂಡೆ, ಒಂದು ಕಡೆ ಮಸಾರಿ, ಇನ್ನೊಂದು ಕಡೆ ಎರೆ. ಯಾವುದರ ತೇವ?” ಆಕಾಶದಿಂದಲೇ ಎಲ್ಲ ಸಾಕು ಎನ್ನುವವರಿಗೆ ಇದು ತಕ್ಕ ಪೆಟ್ಟು. 2016ರ ಡಿಸೆಂಬರ್ 15ರಂದು ಹಾರಿದ ನಾಸಾದ ಎಂಟು ಸಿಗ್ನಸ್ ಉಪಗ್ರಹಗಳು ಚಂಡಮಾರುತದ ಗಾಳಿ ಅಳೆಯಲು ಹೋಗಿ ಮಣ್ಣಿನ ತೇವವನ್ನೂ ಹೇಳತೊಡಗಿದವು. 16 ಡಿಗ್ರಿ ಅಕ್ಷಾಂಶದ ನಾವು ಅವುಗಳ ಕಣ್ಣಳತೆಯಲ್ಲೇ ಇದ್ದೇವೆ. ಆದರೆ ಆ ನಕ್ಷೆಯ ಒಂದೊಂದು ಚೌಕ ಸಾಮಾನ್ಯವಾಗಿ 36 ಕಿಲೋಮೀಟರ್ ಅಗಲ. ಅದರೊಳಗೆ ಗುಡ್ಡ, ಮಲಪ್ರಭೆಯ ದಂಡೆ, ಹೊಲ ಎಲ್ಲ ಕಲಸಿದ ಹಿಟ್ಟು. ಅದಕ್ಕೇ ನಾನು ಕೇಳುತ್ತಿರುವುದು ನೆಲದ ಮೇಲಿನ ಆಂಟೆನಾ ಕಂಬ: ಎರೆಗೊಂದು, ಮಸಾರಿಗೊಂದು. ಅಂಗೈ ತೂರುವಷ್ಟು ಬಿರುಕು ಬಿಡುವ ಎರೆಗೆ ಅಮೆರಿಕದ ಸೂತ್ರ ಹಾಗೇ ಹೊಂದುವುದಿಲ್ಲ. ಮಣ್ಣು ತಂದು, ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿ ಇಲ್ಲಿಯದೇ ತಾಳೆ ಹಾಕಬೇಕು.

ನಮ್ಮ ಹೊಲದ ಮೇಲೆ ಕಣ್ಣಿಡುತ್ತಾರೆ ಎಂಬ ಭಯ ಬುಡವಿಲ್ಲದ್ದು. ಕಂಬ ಏನನ್ನೂ ಪ್ರಸಾರ ಮಾಡದು, ಚಿತ್ರ ತೆಗೆಯದು. ಪರದೇಶದ ಹಂಗು ಎನ್ನುವವರಿಗೆ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್ ಇದೆ, ಅದರ 1176.45 ಮೆಗಾಹರ್ಟ್ಸ್ ಸಂಕೇತವೂ ನೆಲಕ್ಕೆ ಬಡಿದು ಮರಳುತ್ತದೆ.

ಕಡೆಗೆ ಚಹಾ ಕೊಡುವವನೇ ಕೇಳಿದ: “ಕಂಬ ನಡತೀರಿ ಖರೆ, ಮಂಗ್ಯಾ ಬಿಡತಾವ?” ಇದಕ್ಕೆ ಉತ್ತರ ಹೊಳೆದಿಲ್ಲ. ಸದ್ಯಕ್ಕೆ ಬುಡಕ್ಕೆ ಜಾಲಿಮುಳ್ಳು ಕಟ್ಟೋಣ ಎಂದಿದ್ದೇನೆ.