ಎಥಿಕ್ಸ್ ಲ್ಯಾಬಿಗೂ ಬರಲಿ

ಎಥಿಕ್ಸ್ ಪೇಪರ್ ಅಂದ್ರೆ ನಮಗೆಲ್ಲ ಗೊತ್ತು. ಹಿಂದಿನ ರಾತ್ರಿ ಪಿಡಿಎಫ್ ತಿರುವಿ ಹಾಕಿದ್ರೆ ಸಾಕು. ‘ಎಂಜಿನಿಯರ್ ಪ್ರಾಮಾಣಿಕವಾಗಿರಬೇಕೇ?’ ಅಂತ ಕೇಳಿದ್ರೆ ‘ಬೇಡ’ ಅಂತ ಟಿಕ್ ಮಾಡೋರು ಯಾರಿದ್ದಾರೆ? ಆದರೆ ಕೆಲಸಕ್ಕೆ ಸೇರಿದ ಮೇಲೆ ಈ ಪ್ರಶ್ನೆ ಇಷ್ಟು ನೇರವಾಗಿ ಬರೋದಿಲ್ಲ. ಅದು ಒಂದು ಟಾಸ್ಕ್ ಆಗಿ, ಡೆಡ್‌ಲೈನ್ ಜೊತೆಗೇ ಬರುತ್ತೆ.

ಫೋಕ್ಸ್‌ವ್ಯಾಗನ್ ಕೇಸ್ ನೋಡಿ. ಕಾರು ಹೊಗೆ ತಪಾಸಣೆಯಲ್ಲಿದೆಯಾ, ರಸ್ತೆ ಮೇಲಿದೆಯಾ ಅಂತ ಅದರ ಸಾಫ್ಟ್‌ವೇರೇ ಪತ್ತೆ ಹಚ್ಚುತ್ತಿತ್ತು. ತಪಾಸಣೆಯಲ್ಲಿ ಎಲ್ಲಾ ಸರಿ. ರಸ್ತೆಗಿಳಿದರೆ ಕೆಲವು ಕಾರುಗಳು ಅಮೆರಿಕದ ಮಿತಿಗಿಂತ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು. 2015ರಲ್ಲಿ ಇದು ಬಯಲಾದಾಗ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಅದರ ಹಿಂದಿನ ಲಾಜಿಕ್ ನಮಗೂ ಪರಿಚಯವೇ: ಇಫ್, ಎಲ್ಸ್.

ಈ ಕೇಸಿನಲ್ಲಿ ಜೇಮ್ಸ್ ಲಿಯಾಂಗ್ ಎಂಬ ಎಂಜಿನಿಯರ್‌ಗೆ 2017ರಲ್ಲಿ ಅಮೆರಿಕದ ಕೋರ್ಟ್ 40 ತಿಂಗಳ ಜೈಲು ವಿಧಿಸಿತು. ಸರ್ಕಾರಿ ವಕೀಲರು ಕೇಳಿದ್ದೇ ಮೂರು ವರ್ಷ, ಸಿಕ್ಕಿದ್ದು ಅದಕ್ಕಿಂತ ಜಾಸ್ತಿ. ನಮ್ಮ ಪೇಪರ್ ಕೊಟ್ಟಿದ್ದರೆ ಅವರೂ ಸರಿ ಉತ್ತರವನ್ನೇ ಟಿಕ್ ಮಾಡ್ತಿದ್ರು. ಅಂದರೆ ಸರಿ ತಪ್ಪು ಗೊತ್ತಿದ್ದರೆ ಸಾಲದು, ಕೋಡ್ ಬರೆಯೋವಾಗ ಕೈ ನಿಲ್ಲಿಸಿ ‘ಇದು ಯಾಕೆ?’ ಅಂತ ಕೇಳೋ ಅಭ್ಯಾಸ ಬೇಕು.

ಅಭ್ಯಾಸ ಆಗೋದು ಲ್ಯಾಬಲ್ಲಿ. ಒಂದು ಹಾಸ್ಟೆಲ್ ಆ್ಯಪ್ ಮಿನಿ ಪ್ರಾಜೆಕ್ಟ್ ಅಂದುಕೊಳ್ಳಿ. ಟೇಬಲ್‌ನಲ್ಲಿ ಎಲ್ಲರ ಆಧಾರ್ ನಂಬರ್ ಇದೆ, ಪಾಸ್‌ವರ್ಡ್‌ಗಳು ಹಾಗೇ ಬಿದ್ದಿವೆ. ವೈವಾದಲ್ಲಿ ನಾರ್ಮಲೈಸೇಷನ್ ಬಗ್ಗೆ ಕೇಳ್ತಾರೆ. ‘ಆಧಾರ್ ನಂಬರ್ ನಿಮಗ್ಯಾಕಪ್ಪಾ ಬೇಕು?’ ಅಂತ ಯಾರೂ ಕೇಳಲ್ಲ. ಒಪ್ಪಿಗೆ ಪಡೆದರೂ ಹೇಳಿದ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ ಬಳಸಬೇಕು ಅನ್ನೋದು ನಮ್ಮ ದೇಶದ 2023ರ ಡೇಟಾ ರಕ್ಷಣಾ ಕಾಯ್ದೆಯಲ್ಲೇ ಇದೆ.

‘ತಲೆ ಮೇಲೆ ಎಜುಕೇಷನ್ ಲೋನ್ ಇರೋ ಫ್ರೆಶರ್, ಮ್ಯಾನೇಜರ್‌ಗೆ ಎದುರು ಮಾತಾಡೋಕಾಗುತ್ತಾ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲರೂ ಹರಿಶ್ಚಂದ್ರ ಆಗಬೇಕಿಲ್ಲ. ಆದರೆ ಅನುಮಾನವನ್ನು ಮರ್ಯಾದೆಯಿಂದ ಹೇಗೆ ಕೇಳೋದು, ಅದನ್ನ ಮೇಲ್‌ನಲ್ಲಿ ಹೇಗೆ ದಾಖಲಿಸೋದು, ಉತ್ತರ ಬರದಿದ್ರೆ ಮುಂದೆ ಯಾರ ಹತ್ರ ಹೋಗೋದು, ಇದನ್ನೆಲ್ಲ ಕಲಿಸಬಹುದಲ್ವಾ? ಕಂಪನಿಗಳ ಟ್ರೈನಿಂಗ್‌ನಲ್ಲೂ ‘ನೆಕ್ಸ್ಟ್, ನೆಕ್ಸ್ಟ್’ ಒತ್ತಿಸೋ ಬದಲು ಇದನ್ನೇ ಹೇಳಿಕೊಡಲಿ.

ಸರ್, ಮೇಡಂ, ಮುಂದಿನ ಮಿನಿ ಪ್ರಾಜೆಕ್ಟ್ ವೈವಾದಲ್ಲಿ ಐದೇ ಐದು ಮಾರ್ಕ್ಸ್ ಇದಕ್ಕೆ ಇಡಿ: ‘ನಿಮ್ಮ ಪ್ರಾಜೆಕ್ಟ್‌ನಿಂದ ಯಾರಿಗೆ ತೊಂದರೆ ಆಗಬಹುದು?’ ಮಾರ್ಕ್ಸ್ ಇದ್ರೆ ನಾವು ಖಂಡಿತ ಯೋಚನೆ ಮಾಡ್ತೀವಿ.